500 ಮಿ.ಮೀ. ಫೋಕಲ್ ಲೆಂತಿನ, ಬಹುದೂರದ ಗುರಿಯಂತೆ ಸಮಾಂತರ ಬೆಳಕು ಕೊಟ್ಟು ಲೆನ್ಸ್ ಪರೀಕ್ಷಿಸುವ ಹಳೆಯ ಕಾಲಿಮೇಟರ್‌ನಲ್ಲಿ 50 ಮಿ.ಮೀ. ಲೆನ್ಸ್ ಸರಿ ತೋರಿಸುತ್ತದೆ, 200 ಮಿ.ಮೀ. ಮಾತ್ರ ಇನ್ಫಿನಿಟಿ ಸ್ಟಾಪ್ (ಅನಂತ ದೂರದ ಫೋಕಸಿನ ಕೊನೆಯ ತಡೆ) ತನಕ ತಿರುಗಿಸಿದರೂ ಫೋಕಸ್ ಆಗುವುದಿಲ್ಲ. ದೋಷ ಯಾವುದರಲ್ಲಿ?

ನನ್ನ ಅನುಮಾನ ಕಾಲಿಮೇಟರ್ ಮೇಲೆ. ಅದರೊಳಗಿನ ರೆಟಿಕಲ್ (ಗೆರೆ ಕೆತ್ತಿದ ಗಾಜು) ಜಾಗ ಬಿಟ್ಟು ಸರಿದಿದ್ದರೆ ಆ ತಪ್ಪು ಎಲ್ಲ ಲೆನ್ಸ್‌ಗಳಲ್ಲೂ ಒಂದೇ ಪ್ರಮಾಣದಲ್ಲಿ ಕಾಣುವುದಿಲ್ಲ. ಲೆನ್ಸಿನ ಫೋಕಲ್ ಲೆಂತನ್ನು ಕಾಲಿಮೇಟರಿನದರಿಂದ ಭಾಗಿಸಿ ವರ್ಗ ಮಾಡಿ: ತಪ್ಪಿನ ಅಷ್ಟು ಪಾಲು ಮಾತ್ರ ಸೆನ್ಸರ್ ತನಕ ಬರುತ್ತದೆ. ರೆಟಿಕಲ್ 1 ಮಿ.ಮೀ. ಸರಿದಿದ್ದರೆ 50ರಲ್ಲಿ 0.01 ಮಿ.ಮೀ., 200ರಲ್ಲಿ 0.16 ಮಿ.ಮೀ. ಮೊದಲನೆಯದು ಗಮನಕ್ಕೇ ಬರುವುದಿಲ್ಲ. ಕ್ಯಾಮೆರಾದ ಮೌಂಟ್ ದೂರ (ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್ ತನಕದ ಅಂತರ) ತಪ್ಪಿದ್ದರೆ ಎರಡರಲ್ಲೂ ಒಂದೇ ಅಳತೆಯ ತಪ್ಪು ಬರುತ್ತಿತ್ತು. 200ರ ಲೆನ್ಸೇ ಕೆಟ್ಟಿರಲೂಬಹುದು, ಆದರೆ ಈಗಲೇ ಅದನ್ನು ಬಿಚ್ಚಬೇಡಿ.

ಕಾಲಿಮೇಟರಿನ ಮುಂದೆ ಸಮತಲ ಕನ್ನಡಿ ನಿಲ್ಲಿಸಿ. ಲೇಪ ಮುಂಭಾಗದಲ್ಲೇ ಇರುವ ಕನ್ನಡಿಯೇ ಬೇಕು. ಮುಖ ನೋಡುವ ಕನ್ನಡಿ ಎರಡೆರಡು ಬಿಂಬ ಕೊಟ್ಟು ತಲೆ ಕೆಡಿಸುತ್ತದೆ. ದೀಪ, ಮಸುಕು ಗಾಜು ತೆಗೆದು ರೆಟಿಕಲ್ ಹಿಂದೆ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಇಡಿ. ಇವೆರಡರ ನಡುವೆ ತೆಳು ಗಾಜಿನ ಚೂರನ್ನು 45 ಡಿಗ್ರಿಗೆ ನಿಲ್ಲಿಸಿ ಪಕ್ಕದಿಂದ ಬೆಳಕು ಕೊಡಿ. ಪಾರದರ್ಶಕ ಗಾಜಿನ ಮೇಲೆ ಕಪ್ಪು ಗೆರೆಯಿರುವ ರೆಟಿಕಲ್ ಆದರೆ, ಕನ್ನಡಿಯನ್ನು ಕೊಂಚ ಕೊಂಚ ವಾಲಿಸುತ್ತ ಹೋದಾಗ ಗೆರೆಗಳ ಪಕ್ಕದಲ್ಲೇ ಅವುಗಳ ಪ್ರತಿಬಿಂಬ ಕಾಣುತ್ತದೆ.

ಈಗ ಕಣ್ಣನ್ನು ಬಲಕ್ಕೆ ಸರಿಸಿ. ಗೆರೆಗಳಿಗೆ ಹೋಲಿಸಿದರೆ ಪ್ರತಿಬಿಂಬವೂ ಬಲಕ್ಕೇ ಜರುಗಿದರೆ ರೆಟಿಕಲ್ ಕಾಲಿಮೇಟರಿನ ಮುಂದಿನ ಲೆನ್ಸ್ ಆದ ಆಬ್ಜೆಕ್ಟಿವ್‌ನಿಂದ ಬೇಕಾದ್ದಕ್ಕಿಂತ ದೂರದಲ್ಲಿದೆ, ಎಡಕ್ಕಾದರೆ ತೀರಾ ಹತ್ತಿರ. ಎರಡೂ ಒಟ್ಟಿಗೇ ನಿಲ್ಲುವ ತನಕ ರೆಟಿಕಲ್ ಸರಿಸಿ. ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟಿರುತ್ತದೆ, ಆದ್ದರಿಂದ ಕೈ ನಿಧಾನವಿರಲಿ. ಅಡ್ಡ ಗೆರೆ, ಉದ್ದ ಗೆರೆ ಬೇರೆ ಬೇರೆ ಜಾಗದಲ್ಲಿ ಸ್ಪಷ್ಟವಾದರೆ ಬಹುಶಃ ಕ್ಲಾಂಪ್ ಬಿಗಿಯಾಗಿ ಕನ್ನಡಿ ಬಾಗಿದೆ.

200 ಇನ್ಫಿನಿಟಿ ಸ್ಟಾಪ್ ದಾಟಿ ಹೋಗಬೇಕಾಗಿರುವುದರಿಂದ ನಿಮ್ಮದರಲ್ಲಿ ರೆಟಿಕಲ್ ದೂರವೇ ಇರಬೇಕು. ಇದಕ್ಕೆ ಸಾಮಾನ್ಯ ಕಾರಣ: ಯಾರೋ ಒರೆಸಲು ತೆಗೆದು ತಿರುಗಾಮುರುಗಾ ಕೂರಿಸಿರುತ್ತಾರೆ. ಗೆರೆ ಕೆತ್ತಿದ ಮುಖ ಆಬ್ಜೆಕ್ಟಿವ್ ಕಡೆಗಿರುವುದೇ ವಾಡಿಕೆ. 2 ಮಿ.ಮೀ. ದಪ್ಪದ ಗಾಜು ಉಲ್ಟಾ ಆದರೆ ಗೆರೆಗಳು ಸುಮಾರು 1.3 ಮಿ.ಮೀ. ಹಿಂದೆ ಹೋದಂತಾಗುತ್ತದೆ, 200ರಲ್ಲಿ ಅದು 0.2 ಮಿ.ಮೀ. ದಾಟುತ್ತದೆ.

ಕಾಲಿಮೇಟರ್ ಬಿಟ್ಟು ಒಂದು ಕಿ.ಮೀ. ದೂರದ ಟವರ್ ನೋಡಿ ಇನ್ಫಿನಿಟಿ ಹೊಂದಿಸಿ ಎನ್ನುವವರಿದ್ದಾರೆ. 50ಕ್ಕೆ ಅದು ಸಾಕು. 200ಕ್ಕೆ ಆ ಟವರೇ 0.04 ಮಿ.ಮೀ. ತಪ್ಪು ತರುತ್ತದೆ, ಬಿಸಿಲ ಝಳ ಬೇರೆ.

ಲಾಕ್ ಸ್ಕ್ರೂ ಬಿಗಿಸುವಾಗ ರೆಟಿಕಲ್ ಮತ್ತೆ ಎಳೆದುಕೊಳ್ಳುತ್ತದೆ. ಬಿಗಿಸಿದ ಮೇಲೆ, ಲೆನ್ಸ್ ಪರೀಕ್ಷೆಗೆ ಬಳಸುವ ಅದೇ ಬಣ್ಣದ ಬೆಳಕಿನಲ್ಲಿ ಕನ್ನಡಿ ಪರೀಕ್ಷೆ ಇನ್ನೊಮ್ಮೆ ಮಾಡಿ. ಆಗಲೂ 200 ತಪ್ಪಿದರೆ ಲೆನ್ಸಿನ ಮೌಂಟ್ ಕೆಳಗಿನ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ನೋಡಿ.