ಓದುಗರ ಪ್ರಶ್ನೆಗಳಿಗೆ ಉತ್ತರ: ಹೊರದೇಶದ ಪಾರ್ಸೆಲ್ ಮತ್ತು ಸುಂಕದ ಲೆಕ್ಕ

ಪ್ರಶ್ನೆ: ಅಮೆರಿಕದಲ್ಲಿರುವ ಮಗ ನನ್ನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆಂದು ಅಂಚೆಯಲ್ಲಿ ಕೈಗಡಿಯಾರ ಕಳುಹಿಸಿದ. ಪೊಟ್ಟಣದ ಮೇಲೆ ಉಡುಗೊರೆ ಎಂದು ಬರೆದಿದ್ದರೂ ಸುಂಕ ಕಟ್ಟಿದ ಮೇಲೆಯೇ ಅದು ನನ್ನ ಕೈಗೆ ಬಂತು. ಐದು ಸಾವಿರ ರೂಪಾಯಿಯೊಳಗಿನ ಉಡುಗೊರೆಗೆ ಸುಂಕವಿಲ್ಲವೆಂದು ಕೇಳಿದ್ದೆ. ನೂರಕ್ಕೆ ಎಪ್ಪತ್ತೇಳು ರೂಪಾಯಿ ತೆರಿಗೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಯಾವುದು ನಿಜ? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಉತ್ತರ: ನೀವು ಕೇಳಿದ ಎರಡೂ ಮಾತು ಒಂದು ಕಾಲಕ್ಕೆ ನಿಜವಾಗಿದ್ದವು, ಈಗ ಎರಡೂ ಹಳತಾಗಿವೆ. ಐದು ಸಾವಿರ ರೂಪಾಯಿಯೊಳಗಿನ ಉಡುಗೊರೆಗಿದ್ದ ವಿನಾಯಿತಿಯನ್ನು ವಿದೇಶಿ ಮಾರಾಟ ಜಾಲತಾಣಗಳು, ಅದರಲ್ಲೂ ಚೀನಾದವು, ವ್ಯಾಪಾರದ ಸರಕನ್ನೇ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ‘ಉಡುಗೊರೆ’ ಎಂಬ ಚೀಟಿ ಅಂಟಿಸಿ ಕಳುಹಿಸಲು ಬಳಸಿಕೊಳ್ಳುತ್ತಿವೆ ಎಂಬ ದೂರು ಬಲವಾದ ಮೇಲೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು 2019ರ ಡಿಸೆಂಬರ್ 12ರಂದು ಅಧಿಸೂಚನೆ ಹೊರಡಿಸಿ ಆ ಬಾಗಿಲನ್ನು ಮುಚ್ಚಿತು. ಅಂದಿನಿಂದ ಅಂಚೆ ಅಥವಾ ಕೊರಿಯರ್ ಮೂಲಕ ಬರುವ ಉಡುಗೊರೆಯನ್ನು ಪೂರ್ಣ ಸುಂಕ ತೆತ್ತು ಪಡೆಯಬಹುದೇ ಹೊರತು ಉಡುಗೊರೆ ಎಂಬ ಕಾರಣಕ್ಕೆ ವಿನಾಯಿತಿ ಕೇಳುವಂತಿಲ್ಲ. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ಇದರಿಂದ ಹೊರಗುಳಿಯುವ ಭಾಗ್ಯವಿದೆ. ಅದರಲ್ಲೂ ರಾಖಿ ಎಂದರೆ ಬರೀ ದಾರ, ಅದರೊಂದಿಗೆ ಇಟ್ಟ ಉಡುಗೊರೆ ಸೇರುವುದಿಲ್ಲ. ರಾಖಿಗೆ ಸಿಕ್ಕಿದ್ದು ಗೌರಿ ಹಬ್ಬದ ಬಾಗಿನಕ್ಕೆ ಏಕೆ ಸಿಗಲಿಲ್ಲ ಎಂದು ಕೇಳಬೇಡಿ, ಅಧಿಸೂಚನೆ ಬರೆದವರಿಗೆ ನಮ್ಮ ಹಬ್ಬಗಳ ಪಟ್ಟಿ ತಲುಪಿರಲಿಕ್ಕಿಲ್ಲ. ಆದರೆ ಕಸ್ಟಮ್ಸ್ ಕಾಯ್ದೆಯ 25(6)ನೇ ವಿಧಿಯೊಂದು ಎಲ್ಲರಿಗೂ ಅನ್ವಯಿಸುತ್ತದೆ: ವಿಧಿಸಬೇಕಾದ ಸುಂಕವೇ ನೂರು ರೂಪಾಯಿ ಅಥವಾ ಅದಕ್ಕಿಂತ ಕಡಿಮೆಯಾದರೆ ಅದನ್ನು ವಸೂಲು ಮಾಡುವುದಿಲ್ಲ.

ಇನ್ನು ಎಪ್ಪತ್ತೇಳರ ಕಥೆ. ಸ್ವಂತ ಬಳಕೆಗೆಂದು ಅಂಚೆಯಲ್ಲಿ ಅಥವಾ ವಿಮಾನದಲ್ಲಿ ಬರುವ ವಸ್ತುಗಳನ್ನು, ಅವು ಗಡಿಯಾರವೇ ಇರಲಿ ಚಪ್ಪಲಿಯೇ ಇರಲಿ, ಸುಂಕದ ಪಟ್ಟಿಯಲ್ಲಿ 9804 ಎಂಬ ಒಂದೇ ಶೀರ್ಷಿಕೆಯಡಿ ತರಲಾಗುತ್ತದೆ. ಅದಕ್ಕೆ ಮೂಲ ಸೀಮಾ ಸುಂಕ ಶೇ 35, ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಸರ್‌ಚಾರ್ಜ್, ಇವೆಲ್ಲ ಕೂಡಿದ ಮೊತ್ತದ ಮೇಲೆ ಶೇ 28ರ ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಇದ್ದ ದಿನಗಳಲ್ಲಿ, 10,000 ರೂಪಾಯಿಯ ವಸ್ತುವಿಗೆ 3,500 ಸುಂಕ, 350 ಸರ್‌ಚಾರ್ಜ್, ಬಳಿಕ 13,850ರ ಮೇಲೆ 3,878 ಐಜಿಎಸ್‌ಟಿ, ಒಟ್ಟು 7,728 ರೂಪಾಯಿ ಆಗುತ್ತಿತ್ತು. ಶೇ 77.28 ಎಂಬ ಸಂಖ್ಯೆ ಹುಟ್ಟಿದ್ದು ಹೀಗೆ. ಮೂರು ದರಗಳನ್ನು ಸುಮ್ಮನೆ ಕೂಡಿದರೆ ಇಷ್ಟು ಬರುವುದಿಲ್ಲ. ಸುಂಕದ ಮೇಲೂ ತೆರಿಗೆ ಬೀಳುತ್ತದೆ ಎಂಬುದನ್ನು ಮರೆಯುವುದರಿಂದಲೇ ಹೆಚ್ಚಿನವರ ಅಂದಾಜು ತಪ್ಪುತ್ತದೆ. ಆಮೇಲೆ ದರಗಳು ಇಳಿದಿವೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 28ರ ಹಂತವನ್ನು ಬಹುತೇಕ ತೆಗೆದುಹಾಕಲಾಯಿತು. ಸ್ವಂತ ಬಳಕೆಯ ಆಮದಿನ ಸುಂಕವೂ ಶೇ 35ರಿಂದ 20ಕ್ಕೆ ಇಳಿದಿತ್ತು, 2026ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ಅದನ್ನು ಶೇ 10ಕ್ಕೆ ಇಳಿಸುವ ಪ್ರಸ್ತಾವ ಬಂತು. ಸುಂಕ ಶೇ 10, ಐಜಿಎಸ್‌ಟಿ ಶೇ 18 ಎಂದು ಹಿಡಿದು, ಸರ್‌ಚಾರ್ಜನ್ನು ಬದಿಗಿಟ್ಟು ಅದೇ 10,000 ರೂಪಾಯಿಗೆ ಲೆಕ್ಕ ಹಾಕಿದರೆ 1,000 ಮತ್ತು 1,980, ಒಟ್ಟು 2,980 ರೂಪಾಯಿ ಆಗುತ್ತದೆ. ನಿಮ್ಮ ಮಗ ಅಂಗಡಿಯಲ್ಲಿ ಕೊಂಡ ದಿನದ ದರವಾಗಲಿ, ಪೊಟ್ಟಣ ನಿಮ್ಮ ಮನೆ ಬಾಗಿಲಿಗೆ ಬಂದ ದಿನದ ದರವಾಗಲಿ ಇಲ್ಲಿ ಲೆಕ್ಕಕ್ಕಿಲ್ಲ. ಅಂಚೆಯವರು ಸರಕಿನ ಪಟ್ಟಿಯನ್ನು ಕಸ್ಟಮ್ಸ್ ಅಧಿಕಾರಿಗೆ ಒಪ್ಪಿಸಿದ ದಿನ ಯಾವ ದರ ಜಾರಿಯಲ್ಲಿತ್ತೋ ಅದೇ ಅನ್ವಯಿಸುತ್ತದೆ.

ಸುಂಕದ ಮೊತ್ತ ಅತಿಯಾಯಿತು ಎನಿಸಿದರೆ ಪೋಸ್ಟ್‌ಮ್ಯಾನ್ ಜತೆ ವಾದಿಸಿ ಫಲವಿಲ್ಲ, ಪಾಪ, ಆತ ಹಣ ಪಡೆದು ರಸೀದಿ ಕೊಡುವವನಷ್ಟೇ. ಮೌಲ್ಯ ನಿರ್ಧಾರವಾಗುವುದು ವಿದೇಶಿ ಅಂಚೆ ಕಚೇರಿಯಲ್ಲಿ ಕುಳಿತ ಕಸ್ಟಮ್ಸ್ ಅಧಿಕಾರಿಯ ಮೇಜಿನ ಮೇಲೆ, ಅಂಥ ಕಚೇರಿ ಬೆಂಗಳೂರಿನಲ್ಲೂ ಇದೆ. ಮಗನಿಂದ ಅಂಗಡಿಯ ಬಿಲ್ ಮತ್ತು ಹಣ ಪಾವತಿಯ ದಾಖಲೆ ತರಿಸಿಕೊಂಡು, ರಸೀದಿಯ ಪ್ರತಿಯೊಂದಿಗೆ ಅಲ್ಲಿಗೆ ಬರೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಆದೇಶ ತಲುಪಿದ 60 ದಿನಗಳೊಳಗೆ ಕಸ್ಟಮ್ಸ್ ಆಯುಕ್ತರಿಗೆ (ಮೇಲ್ಮನವಿ) ಅರ್ಜಿ ಸಲ್ಲಿಸಲು ಕಾಯ್ದೆಯ 128ನೇ ವಿಧಿಯಲ್ಲಿ ಅವಕಾಶವಿದೆ.

ಪ್ರಶ್ನೆ: ದುಬೈನಲ್ಲಿರುವ ಭಾವನವರು ಹನ್ನೆರಡು ಸಾವಿರ ರೂಪಾಯಿ ಬೆಲೆಯ ಬೂಟುಗಳನ್ನು ಕೊರಿಯರ್‌ನಲ್ಲಿ ಕಳುಹಿಸುತ್ತಾರಂತೆ. ಬಿಲ್ ಇಡದೆ, ಬೆಲೆ ಎಂಟುನೂರು ಎಂದು ಬರೆದರೆ ಸುಂಕ ಉಳಿಯುತ್ತದೆ ಎನ್ನುತ್ತಾರೆ. ಹಾಗೆ ಮಾಡಬಹುದೇ? (ಓದುಗರು, ದಾವಣಗೆರೆ)

ಉತ್ತರ: ಬೇಡ. ಹೇಳಿದ ಬೆಲೆ ನಂಬಲರ್ಹವಲ್ಲ ಎನಿಸಿದರೆ ಅದನ್ನು ತಳ್ಳಿಹಾಕಿ, ಅಂಥದೇ ವಸ್ತುವಿನ ಬೆಲೆಯನ್ನು ಆಧಾರವಾಗಿ ಹಿಡಿಯುವ ಅಧಿಕಾರ 2007ರ ಮೌಲ್ಯ ನಿರ್ಧಾರ ನಿಯಮಗಳಲ್ಲಿ ಅಧಿಕಾರಿಗೆ ಇದೆ. ಬೂಟಿನ ಹೆಸರನ್ನು ಮೊಬೈಲ್‌ನಲ್ಲಿ ಹುಡುಕಿದರೆ ಅರ್ಧ ನಿಮಿಷದಲ್ಲಿ ಬೆಲೆ ಕಾಣುವ ಕಾಲದಲ್ಲಿ ಎಂಟುನೂರು ಎಂಬ ಚೀಟಿ ಯಾರ ಕಣ್ಣಿಗೂ ಮಣ್ಣೆರಚುವುದಿಲ್ಲ. ತಪ್ಪು ಘೋಷಣೆ ಮಾಡಿದ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಲು ಕಸ್ಟಮ್ಸ್ ಕಾಯ್ದೆಯ 111(ಎಂ) ವಿಧಿ, ದಂಡ ಹಾಕಲು 112ನೇ ವಿಧಿ ಇವೆ. ಮುಟ್ಟುಗೋಲಾದ ಸರಕನ್ನು ಬಿಡಿಸಿಕೊಳ್ಳಲು 125ನೇ ವಿಧಿಯಡಿ ಬೇರೆ ದಂಡ ಕಟ್ಟಬೇಕು. ಇದೆಲ್ಲ ಬೀಳುವುದು ದುಬೈನ ಭಾವನವರ ಮೇಲಲ್ಲ, ಸರಕು ತರಿಸಿಕೊಂಡ ನಿಮ್ಮ ಮೇಲೆ. ಕೊರಿಯರ್‌ನವರು ನಿಮ್ಮ ಗುರುತಿನ ದಾಖಲೆಯನ್ನು ಕೇಳಿ ಪಡೆದೇ ಸರಕು ಬಿಡಿಸುವುದರಿಂದ ಕಾಗದದ ಮೇಲಿರುವುದೂ ನಿಮ್ಮ ಹೆಸರೇ.

ಜೊತೆಗೆ ಇನ್ನೊಂದು ಮಾತು ತಿಳಿದಿರಲಿ. ಸುಂಕ ಹಾಕುವುದು ಬೂಟಿನ ಬೆಲೆಗೆ ಮಾತ್ರವಲ್ಲ, ಸಾಗಣೆ ವೆಚ್ಚ ಮತ್ತು ವಿಮೆಯೂ ಆ ಮೌಲ್ಯಕ್ಕೆ ಸೇರುತ್ತವೆ. ವಿಮಾನ ಸಾಗಣೆಯಾದರೆ ವಸ್ತುವಿನ ಬೆಲೆಯ ಶೇ 20ಕ್ಕಿಂತ ಹೆಚ್ಚಿನ ಸಾಗಣೆ ವೆಚ್ಚವನ್ನು ಸೇರಿಸುವಂತಿಲ್ಲ ಎಂಬ ಮಿತಿಯೂ ಅದೇ ನಿಯಮಗಳಲ್ಲಿದೆ. ಹಗುರ ವಸ್ತುವಿಗೆ ದುಬಾರಿ ಕೊರಿಯರ್ ಹಿಡಿದವರು ಇದನ್ನು ನೋಡಿಕೊಳ್ಳಬೇಕು. ಬಳಸಿದ ವಸ್ತುವಾದರೆ ಹಾಗೆಂದು ನಿಜವಾಗಿ ಬರೆದು, ಕೊಂಡ ವರ್ಷದ ಬಿಲ್ಲನ್ನೂ ಇಟ್ಟರೆ ಹೊಸದರ ಬೆಲೆ ಹಿಡಿಯಬಾರದೆಂದು ಕೇಳಲು ನಿಮಗೆ ಆಧಾರ ಸಿಗುತ್ತದೆ.

ಪ್ರಶ್ನೆ: ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಶೇಂಗಾ ಚಟ್ನಿಪುಡಿ, ಹಪ್ಪಳ, ಮನೆಯ ತುಪ್ಪ ಮತ್ತು ಚಿಕ್ಕಮಗಳೂರಿನ ಕಾಫಿಪುಡಿ ಎರಡು ಕಿಲೊ ಕಳುಹಿಸಬೇಕೆಂದಿದ್ದೇನೆ. ಅವಳು ಅಲ್ಲಿ ತೆರಿಗೆ ಕಟ್ಟಬೇಕಾದೀತೇ? (ಗೃಹಿಣಿ, ಹುಬ್ಬಳ್ಳಿ)

ಉತ್ತರ: ಮೊದಲು ತುಪ್ಪವನ್ನು ಪೆಟ್ಟಿಗೆಯಿಂದ ತೆಗೆದುಬಿಡಿ ತಾಯಿ. ಯುರೋಪ್ ಒಕ್ಕೂಟದ ಹೊರಗಿನಿಂದ ಖಾಸಗಿ ಪಾರ್ಸೆಲ್‌ನಲ್ಲಿ ಹಾಲಿನ ಮತ್ತು ಮಾಂಸದ ಪದಾರ್ಥ ಬರಬಾರದೆಂಬ ನಿಷೇಧವಿದೆ. ಅದು ತೆರಿಗೆಯ ಪ್ರಶ್ನೆಯಲ್ಲ, ಜಾನುವಾರು ರೋಗದ ಭಯದ್ದು, ಹಾಗಾಗಿ ಹಣ ಕಟ್ಟಿದರೂ ತುಪ್ಪ ಒಳಗೆ ಹೋಗುವುದಿಲ್ಲ.

ಉಳಿದವಕ್ಕೆ ಜರ್ಮನಿ ನಮಗಿಂತ ಉದಾರಿ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ, ಹಣ ಪಡೆಯದೆ, ಆಗೊಮ್ಮೆ ಈಗೊಮ್ಮೆ ಕಳುಹಿಸುವ ಉಡುಗೊರೆ 45 ಯೂರೊ ಒಳಗಿದ್ದರೆ ಅಲ್ಲಿ ಸುಂಕವೂ ಇಲ್ಲ, ವ್ಯಾಟ್ ಕೂಡ ಇಲ್ಲ. ಅಂಗಡಿಯಿಂದ ನೇರವಾಗಿ ತರಿಸಿದ್ದಕ್ಕೆ ಇದು ಅನ್ವಯಿಸದು: 22 ಯೂರೊವರೆಗಿನ ಸರಕಿಗಿದ್ದ ವ್ಯಾಟ್ ವಿನಾಯಿತಿಯನ್ನು ಯುರೋಪ್ ಒಕ್ಕೂಟ 2021ರ ಜುಲೈ 1ರಿಂದ ರದ್ದುಗೊಳಿಸಿದೆ. ನಿಮ್ಮ ಪಟ್ಟಿಯಲ್ಲಿ ತೊಡಕಾಗುವುದು ಕಾಫಿಪುಡಿ. ಜರ್ಮನಿಯಲ್ಲಿ ಕಾಫಿಗೆಂದೇ ಪ್ರತ್ಯೇಕ ತೆರಿಗೆಯೊಂದಿದೆ, ಹುರಿದ ಕಾಫಿಗೆ ಕಿಲೊಗೆ 2.19 ಯೂರೊ. ಉಡುಗೊರೆಯ ವಿನಾಯಿತಿಯಲ್ಲೂ ಕಾಫಿಗೆ 500 ಗ್ರಾಂನ ಮಿತಿ ಹಾಕಿದ್ದಾರೆ. ಆದ್ದರಿಂದ ಅರ್ಧ ಕಿಲೊಗಿಂತ ಹೆಚ್ಚು ಇಡಬೇಡಿ. ಕಸ್ಟಮ್ಸ್ ಚೀಟಿಯಲ್ಲಿ ‘ತಿಂಡಿ ಪದಾರ್ಥ’ ಎಂದಷ್ಟೇ ಬರೆಯದೆ, ಒಂದೊಂದರ ಹೆಸರು, ತೂಕ ಮತ್ತು ಬೆಲೆಯನ್ನು ಇಂಗ್ಲಿಷಿನಲ್ಲಿ ಬರೆಸಿ. ‘ಚಟ್ನಿಪುಡಿ’ ಎಂದರೆ ಅಲ್ಲಿಯ ಅಧಿಕಾರಿಗೆ ಏನೂ ತಿಳಿಯದು, ಶೇಂಗಾ ಮತ್ತು ಮೆಣಸಿನಕಾಯಿಯ ಪುಡಿ ಎಂದರೆ ತಿಳಿಯುತ್ತದೆ.

ಪ್ರಶ್ನೆ: ಕೆಟ್ಟುಹೋದ ಕ್ಯಾಮೆರಾ ಲೆನ್ಸನ್ನು ದುರಸ್ತಿಗೆ ಜಪಾನಿಗೆ ಕಳುಹಿಸಬೇಕಿದೆ. ಹಿಂದಿರುಗಿ ಬಂದಾಗ ಹೊಸದರಂತೆ ಸುಂಕ ಹಾಕುತ್ತಾರೆಯೇ? (ಛಾಯಾಗ್ರಾಹಕರು, ಉಡುಪಿ)

ಉತ್ತರ: ಹೋದದ್ದೇ ಮರಳಿ ಬಂದಿದೆ ಎಂದು ತೋರಿಸಲಾರದಿದ್ದರೆ ಹಾಕುತ್ತಾರೆ. 2017ರ 45ನೇ ಕಸ್ಟಮ್ಸ್ ಅಧಿಸೂಚನೆಯ ಪ್ರಕಾರ, ದುರಸ್ತಿಗೆಂದು ಹೊರಗೆ ಹೋದ ವಸ್ತು ಮೂರು ವರ್ಷದೊಳಗೆ ಮರಳಿದರೆ ದುರಸ್ತಿಯ ವೆಚ್ಚ ಮತ್ತು ಹೋಗಿಬರುವ ಸಾಗಣೆ, ವಿಮೆಗಳ ಮೊತ್ತಕ್ಕೆ ಮಾತ್ರ ಸುಂಕ. ಕಳುಹಿಸುವಾಗಲೇ ರಫ್ತಿನ ಕಾಗದದಲ್ಲಿ ‘ದುರಸ್ತಿಗಾಗಿ’ ಎಂದು ಬರೆಸಿ, ಲೆನ್ಸಿನ ಕ್ರಮಸಂಖ್ಯೆಯನ್ನು ನಮೂದಿಸಿಕೊಳ್ಳಿ.

ಪ್ರಶ್ನೆ: ಕಸ್ಟಮ್ಸ್ ಅಧಿಕಾರಿ ಎಂದು ಹೇಳಿಕೊಂಡವರೊಬ್ಬರು ಕರೆ ಮಾಡಿ, ವಿದೇಶದ ಸ್ನೇಹಿತರು ಕಳುಹಿಸಿದ ಚಿನ್ನವಿರುವ ಪಾರ್ಸೆಲ್ ವಿಮಾನ ನಿಲ್ದಾಣದಲ್ಲಿದೆ, 38,000 ರೂಪಾಯಿ ಸುಂಕವನ್ನು ಈ ಖಾತೆಗೆ ಹಾಕಿ ಎಂದರು. ಸ್ನೇಹಿತರ ಪರಿಚಯ ಮೊಬೈಲ್‌ನಲ್ಲಾದದ್ದು. ಏನು ಮಾಡಲಿ? (ಓದುಗರು, ಮೈಸೂರು)

ಉತ್ತರ: ಒಂದು ರೂಪಾಯಿಯನ್ನೂ ಹಾಕಬೇಡಿ. ಕಸ್ಟಮ್ಸ್ ಸುಂಕವನ್ನು ಯಾವ ಅಧಿಕಾರಿಯೂ ಖಾಸಗಿ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ. ಇಲಾಖೆಯ ಪತ್ರಗಳ ಮೇಲೆ 2019ರ ನವೆಂಬರ್‌ನಿಂದ ‘ಡಿಐಎನ್’ ಎಂಬ ದಾಖಲೆ ಸಂಖ್ಯೆ ಇರುತ್ತದೆ, ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಅದನ್ನು ತಾಳೆ ನೋಡಬಹುದು. ಆ ಸಂಖ್ಯೆಯುಳ್ಳ ಪತ್ರ ಕಳುಹಿಸಿ ಎಂದು ಕೇಳಿ ನೋಡಿ, ಕರೆ ಕಡಿದುಹೋಗುವ ಸಾಧ್ಯತೆಯೇ ಹೆಚ್ಚು. ಈಗಾಗಲೇ ಹಣ ಹೋಗಿದ್ದರೆ ಈ ಸಂಚಿಕೆಯ ಉತ್ತರಕ್ಕೆ ಕಾಯದೆ ಅದೇ ಗಳಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಇನ್ನೂ ಮಾಡಿಲ್ಲವಾದರೆ ಈಗಲೇ ಮಾಡಿ, ಬ್ಯಾಂಕಿಗೂ ತಿಳಿಸಿ.