ಗಾಳಿ ಜೋರಿದ್ದಾಗ ಸ್ಲೆಡ್ ಹೇರಿಕೊಂಡು ಹೊರಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಚಿತ್ರದುರ್ಗದ ಕಡೆಯವನು, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ಹೋದ ವರ್ಷದಿಂದ ಸ್ನೋಮೊಬೈಲ್ ಹುಚ್ಚು ಹಿಡಿದಿದೆ. ಗೆಳೆಯನ ಜೊತೆ ಸೇರಿ ಎರಡು ಸ್ಲೆಡ್ (ಹಿಮದ ಮೇಲೆ ಓಡುವ ಈ ಸ್ನೋಮೊಬೈಲ್ ಗಾಡಿಗೆ ಇಲ್ಲಿ ಹಾಗೇ ಅನ್ನುತ್ತಾರೆ), ಒಂದು 20 ಅಡಿಯ ಮುಚ್ಚಿದ ಟ್ರೈಲರ್ ಕೊಂಡೆವು. ಮೊನ್ನೆ ಕ್ರೋಸ್‌ನೆಸ್ಟ್ ಪಾಸ್ ಕಡೆಗೆ ಹೋಗುವಾಗ 22ನೇ ಹೆದ್ದಾರಿಯಲ್ಲಿ ಗಾಳಿ ಟ್ರೈಲರನ್ನು ಎದುರು ಬರುವವರ ಲೇನ್‌ಗೆ ತಳ್ಳಿಬಿಟ್ಟಿತು. ಆಗ ಅಲ್ಲಿ ಯಾರೂ ಬರುತ್ತಿರಲಿಲ್ಲ, ಬಚಾವಾದೆವು. ಒಂದೊಂದು ಸ್ಲೆಡ್‌ಗೂ ನಾಲ್ಕು ಪಟ್ಟಿ ಹಾಕಿ ಬಿಗಿದಿದ್ದೆವು. ಇನ್ನೂ ಹೇಗೆ ಕಟ್ಟಬೇಕು?

ಉತ್ತರ: ನೀವು ಕಟ್ಟಿದ್ದು ಸಾಕಾಗಿತ್ತು. ಆದರೆ ಪಟ್ಟಿ ಹಿಡಿದುಕೊಳ್ಳುವುದು ಸ್ಲೆಡ್ಡನ್ನು, ಟ್ರೈಲರನ್ನಲ್ಲ. ಟ್ರೈಲರನ್ನು ರಸ್ತೆಗೆ ಹಿಡಿದಿಡುವುದು ಅದರ ತೂಕ, ಆ ತೂಕ ಎಲ್ಲಿ ಕೂತಿದೆ ಅನ್ನುವುದು, ಮತ್ತೆ ನಿಮ್ಮ ವೇಗ. ಇನ್ನೂ ನಾಲ್ಕು ಪಟ್ಟಿ ಹಾಕಿದ್ದರೂ ಮೊನ್ನೆ ಅದೇ ಆಗುತ್ತಿತ್ತು.

ನಿಮ್ಮ ಟ್ರೈಲರಿನ ಪಕ್ಕದ ಗೋಡೆ ಆರು ಮೀಟರ್ ಉದ್ದ, ಎರಡು ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ಗಾಳಿ ನೇರ ಆ ಗೋಡೆಗೆ ಬಡಿದರೆ ಸುಮಾರು 140 ಕೆ.ಜಿ. ಭಾರದಷ್ಟು ನೂಕುತ್ತದೆ. ಗಾಳಿ 100ಕ್ಕೆ ಏರಿದರೆ ನೂಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಹತ್ತಿರ ಹತ್ತಿರ 550 ಕೆ.ಜಿ. ಖಾಲಿ ಟ್ರೈಲರಿನ ತೂಕವೇ 800, 900 ಕೆ.ಜಿ. ಇರುತ್ತದೆ, ಅಂಥದ್ದಕ್ಕೆ ಪಕ್ಕದಿಂದ ಇಷ್ಟು ನೂಕು, ಅದೂ ಕೆಳಗೆ ಮಂಜುಗಟ್ಟಿದ ರಸ್ತೆ ಇರುವಾಗ. ಜಾರದೆ ಇನ್ನೇನಾಗುತ್ತದೆ?

ಇನ್ನು ದಾರಿ. ಅಲ್ಲಿ ಜೋರು ಗಾಳಿ ಬಹುಮಟ್ಟಿಗೆ ಪಶ್ಚಿಮದಿಂದ ಅಥವಾ ನೈಋತ್ಯದಿಂದ ಬರುತ್ತದೆ. 22ನೇ ಹೆದ್ದಾರಿ ಉತ್ತರ ದಕ್ಷಿಣವಾಗಿ ಹೋಗುತ್ತದೆ. ಅಂದರೆ ಲಾಂಗ್‌ವ್ಯೂ ದಾಟಿದ ಮೇಲೆ ಲಂಡ್‌ಬ್ರೆಕ್ ಹತ್ತಿರ 3ನೇ ಹೆದ್ದಾರಿ ಸಿಗುವವರೆಗೂ ಗಾಳಿಗೆ ನಿಮ್ಮ ಪಕ್ಕೆ ತೋರಿಸಿಕೊಂಡೇ ಹೋಗಬೇಕು. ಹೋಗುವಾಗ ಬಲಗಡೆಯಿಂದ ಬಡಿದು ಎದುರಿನ ಲೇನ್‌ಗೆ ತಳ್ಳುತ್ತದೆ, ವಾಪಸ್ ಬರುವಾಗ ಎಡಗಡೆಯಿಂದ ಬಡಿದು ಚರಂಡಿ ಕಡೆಗೆ ತಳ್ಳುತ್ತದೆ. 3ನೇ ಹೆದ್ದಾರಿಗೆ ಸೇರಿ ಪಶ್ಚಿಮಕ್ಕೆ ತಿರುಗಿದ ಮೇಲೆ ಅದೇ ಗಾಳಿ ಎದುರಿಗೆ ಬರುತ್ತದೆ. ಡೀಸೆಲ್ ಕುಡಿಯುತ್ತದೆ, ಇಂಜಿನ್ ಏದುಸಿರು ಬಿಡುತ್ತದೆ, ಆದರೆ ಟ್ರೈಲರ್ ಮಗುಚುವ ಭಯ ಎಷ್ಟೋ ಕಡಿಮೆ. ಹಾಗಾಗಿ ಗಾಳಿ ಎಷ್ಟಿದೆ ಅಂತ ನೋಡಿದರಷ್ಟೇ ಸಾಲದು, ನನ್ನ ರಸ್ತೆಗೆ ಯಾವ ಕಡೆಯಿಂದ ಬರುತ್ತದೆ ಅಂತಲೂ ನೋಡಬೇಕು.

ನೀವು ದುರ್ಗದವರು, ಗಾಳಿಯಂತ್ರ ಯಾಕೆ ಗುಡ್ಡದ ನೆತ್ತಿಯಲ್ಲೇ ನೆಡುತ್ತಾರೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಕೆನಡಾದ ಮೊದಲ ವಾಣಿಜ್ಯ ಗಾಳಿಯಂತ್ರಗಳ ಸಾಲು 1993ರಲ್ಲಿ ಶುರುವಾಗಿದ್ದು ಇದೇ ಸೀಮೆಯ ಕೌಲಿ ದಿಣ್ಣೆಯ ಮೇಲೆ. ನಿಮ್ಮೂರಿನದು ಮಳೆ ನೆರಳಿನ ನಾಡು. ಸಹ್ಯಾದ್ರಿಯ ಆಚೆ ಮಳೆ ಸುರಿಸಿ ಹಗುರಾದ ಗಾಳಿ ಒಣಗಿಕೊಂಡು ನಿಮ್ಮ ಕಡೆ ಬರುತ್ತದೆ. ಇಲ್ಲಿ ರಾಕಿ ಬೆಟ್ಟಗಳು ಅದೇ ಕೆಲಸ ಮಾಡುತ್ತವೆ. ಪೆಸಿಫಿಕ್ ಕಡೆಯ ಗಾಳಿ ಆ ಬದಿಯಲ್ಲಿ ಹಿಮ, ಮಳೆ ಎಲ್ಲ ಸುರಿಸಿ ಈ ಬದಿಗೆ ಧುಮುಕುವಾಗ ಇಳಿದ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಅದೇ ಶಿನೂಕ್. ಬೆಟ್ಟದ ಮೇಲೆ ಕಮಾನಿನ ಹಾಗೆ ಮೋಡ ಕಟ್ಟಿ, ಅದರ ಕೆಳಗೆ ನೀಲಿ ಆಕಾಶ ಕಂಡರೆ ಗಾಳಿ ಇಳಿಯುತ್ತಿದೆ ಅಂತ ತಿಳಿದುಕೊಳ್ಳಿ. ದಿನ ಬೆಚ್ಚಗಿದೆ, ಹೋಗೋಣ ಅನ್ನಿಸುವ ದಿನವೇ ಗಾಳಿಯ ದಿನ ಆಗಿರುತ್ತದೆ.

ಹೊರಡುವ ಮುಂಚೆ ರಸ್ತೆಗಳ ಸ್ಥಿತಿ ತಿಳಿಸುವ 511 ಆಲ್ಬರ್ಟಾ ನೋಡಿ, ಹವಾಮಾನ ಇಲಾಖೆಯಾದ ಎನ್ವಿರಾನ್‌ಮೆಂಟ್ ಕೆನಡಾದ ಗಾಳಿ ಎಚ್ಚರಿಕೆ ನೋಡಿ. ಎಚ್ಚರಿಕೆ ಇದ್ದರೆ ಮುಚ್ಚಿದ ಟ್ರೈಲರ್ ಜೋಡಿಸಲೇಬೇಡಿ. ಖಾಲಿ ಟ್ರೈಲರ್ ಎಳೆದುಕೊಂಡು ಹೋಗುವುದಂತೂ ಇನ್ನೂ ಅಪಾಯ. ಗೋಡೆ ಅಷ್ಟೇ ಇದೆ, ತೂಕ ಮಾತ್ರ ಇಲ್ಲ. ಸ್ಲೆಡ್‌ಗಳನ್ನು ಬೇರೆಯವರ ಬಳಿ ಬಿಟ್ಟು ನಾನೊಮ್ಮೆ ಖಾಲಿ ಟ್ರೈಲರ್ ಎಳೆದುಕೊಂಡು ಬರುತ್ತಿದ್ದೆ. ಒಂದು ಗುಡ್ಡದ ಮರೆಯಿಂದ ಬಯಲಿಗೆ ಬಂದ ಕ್ಷಣ ಅದರ ಒಂದು ಬದಿಯ ಚಕ್ರಗಳು ನೆಲ ಬಿಟ್ಟಿದ್ದು ಕನ್ನಡಿಯಲ್ಲಿ ಕಂಡಿತು. ವೇಗ 60 ಇತ್ತು ಅಷ್ಟೇ, ಹಾಗಾಗಿ ಮತ್ತೆ ನೆಲಕ್ಕೆ ಕೂತಿತು. ನನ್ನ ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಅವತ್ತಿನಿಂದ ಗಾಳಿಯ ದಿನ ನಮ್ಮ ಮನೆಯಿಂದ ಟ್ರೈಲರ್ ಹೊರಡುವುದಿಲ್ಲ, ಯಾರು ಏನೇ ಅನ್ನಲಿ.

ಪ್ರಶ್ನೆ: ಟ್ರೈಲರ್ ಬೇಡ, ಪಿಕಪ್ ಮೇಲೆ ಸ್ಲೆಡ್ ಡೆಕ್ (ತೊಟ್ಟಿಯ ಮೇಲೆ ಸ್ಲೆಡ್ ಹೇರುವ ಅಟ್ಟ) ಕೂರಿಸಿಬಿಟ್ಟರೆ ಗಾಳಿಯ ತಲೆನೋವು ಇರುವುದಿಲ್ಲ ಅಂತಾರೆ. ನಿಜವಾ?

ಉತ್ತರ: ಅರ್ಧ ನಿಜ. ಹಿಂದೆ ಬಾಲದ ಹಾಗೆ ಓಲಾಡಲು ಏನೂ ಇರುವುದಿಲ್ಲ, ಅದು ದೊಡ್ಡ ಅನುಕೂಲ. ನನ್ನ ಒಲವೂ ಅದೇ ಕಡೆ. ಆದರೆ ಸ್ಲೆಡ್‌ಗಳು ಪಿಕಪ್ಪಿನ ತೊಟ್ಟಿಯ ಅಂಚಿಗಿಂತ ಮೇಲೆ ಕೂರುತ್ತವೆ, ಗಾಡಿಯ ಭಾರ ಎತ್ತರಕ್ಕೆ ಹೋಗುತ್ತದೆ, ತಿರುವಿನಲ್ಲಿ ಹಾಗೂ ಗಾಳಿಯ ಹೊಡೆತದಲ್ಲಿ ವಾಲುವುದು ಜಾಸ್ತಿ ಆಗುತ್ತದೆ. ಲೆಕ್ಕವನ್ನೂ ಮಾಡಿ. ಡೆಕ್ ಸುಮಾರು 200 ಕೆ.ಜಿ., ಪೆಟ್ರೋಲ್ ತುಂಬಿದ ಬೆಟ್ಟದ ಸ್ಲೆಡ್ ಒಂದೊಂದು ಸುಮಾರು 250, ಅಲ್ಲಿಗೇ 700 ಆಯಿತು. ಅದರ ಮೇಲೆ ಒಳಗೆ ನಾಲ್ಕು ಜನ, ಅವರ ಬ್ಯಾಗು, ಬೂಟು. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಎಷ್ಟು ಭಾರ ಹೊರಬಹುದು ಅಂತ ಹಳದಿ ಚೀಟಿ ಅಂಟಿಸಿರುತ್ತಾರೆ. ಅದನ್ನು ಓದಿಯೇ ಡೆಕ್ ಕೊಳ್ಳಿ. ಎಷ್ಟೋ ಸಣ್ಣ ಪಿಕಪ್‌ಗಳಿಗೆ ಇದು ಮಿತಿ ಮೀರಿದ ಭಾರ.

ಸ್ಲೆಡ್ಡಿನ ಮೂತಿ ಗಾಡಿಯ ಮುಂದಕ್ಕೇ ಇರಲಿ. ಹಿಂದಕ್ಕೆ ತಿರುಗಿಸಿ ಹೇರಿದರೆ ಗಾಳಿ ಗಾಜಿನ ಹಿಂದೆ, ಹುಡ್ ಕೆಳಗೆ ನುಗ್ಗಿ ಎತ್ತಿ ಕಿತ್ತುಕೊಂಡು ಹೋಗುತ್ತದೆ.

ಪ್ರಶ್ನೆ: ಮನೆಯಲ್ಲಿ ಬಿಗಿಯಾಗಿದ್ದ ಪಟ್ಟಿ, ಸ್ಕೀಗಳನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್ ಎಲ್ಲ ದಾರಿಯಲ್ಲಿ ಸಡಿಲ ಆಗುವುದು ಯಾಕೆ? ಪಟ್ಟಿ ಗಾಳಿಗೆ ಗುಂಯ್ ಅಂತ ಸದ್ದೂ ಮಾಡುತ್ತದೆ.

ಉತ್ತರ: ಮನೆಯಿಂದ ಹೊರಟಾಗ ಸಡಿಲ ಆಗಿದ್ದರೆ, ಸ್ಲೆಡ್ಡಿನ ಸಸ್ಪೆನ್ಷನ್ ಕೆಳಕ್ಕೆ ಕೂತಿರುತ್ತದೆ. ವಾಪಸ್ ಬರುವಾಗ ಬೇರೆ ಕಾರಣ. ಮುಂದಿನ ಸ್ಕೀ ಕೆಳಗೆ, ಹಿಂದೆ ಸುತ್ತುವ ಪಟ್ಟೆಯಾದ ಟ್ರ್ಯಾಕಿನ ಒಳಗೆ ಗಟ್ಟಿ ಹಿಮ ಮೆತ್ತಿಕೊಂಡಿರುತ್ತದೆ. ನೀವು ಆ ಹಿಮದ ಮೇಲೆಯೇ ಕ್ಲ್ಯಾಂಪ್ ಬಿಗಿಯುತ್ತೀರಿ, ಶಿನೂಕ್ ಬಿಸಿಗೆ ಅದು ಕರಗಿ ಅಷ್ಟು ಜಾಗ ಖಾಲಿ ಆಗುತ್ತದೆ. ಅದಕ್ಕೆ ಹೇರುವ ಮುಂಚೆ ಸ್ಕೀ ಕೆಳಗಿನ ಹಿಮ ಕೆರೆದು ತೆಗೆಯಿರಿ, ಹೊರಟು 15, 20 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಎಲ್ಲವನ್ನೂ ಕೈಯಲ್ಲಿ ಅಲುಗಾಡಿಸಿ ನೋಡಿ. ಮುಂದೆ ಕ್ಲ್ಯಾಂಪ್, ಹಿಂದೆ ಒಂದು ರ‍್ಯಾಚೆಟ್ ಪಟ್ಟಿ ಇರಲೇಬೇಕು. ಸದ್ದಿಗೆ ಸುಲಭದ ಮದ್ದಿದೆ, ಪಟ್ಟಿಗೆ ಒಂದು ತಿರುಚು ಹಾಕಿ ಬಿಗಿಯಿರಿ. ಬಡಿದಾಡುವುದು ನಿಂತರೆ ಸವೆಯುವುದೂ ಕಡಿಮೆ. ಶೆಡ್ಡಿನಲ್ಲಿ ಧೂಳಿಗೆ ಹೊದಿಸುವ ಬಟ್ಟೆಯನ್ನು ಹೆದ್ದಾರಿಗೆ ತರಬೇಡಿ, ಅದು ಗಾಳಿ ತುಂಬಿಕೊಂಡು ಹಾಯಿಯ ಹಾಗೆ ಎಳೆಯುತ್ತದೆ. ಸಾಗಿಸಲಿಕ್ಕೆಂದೇ ಹೊಲಿದ, ಪಟ್ಟಿ ಇರುವ ಹೊದಿಕೆ ಸಿಗುತ್ತದೆ. ಅದಿಲ್ಲದಿದ್ದರೆ ಬರಿಮೈಯಲ್ಲೇ ತನ್ನಿ.

ಪ್ರಶ್ನೆ: ಅರ್ಧ ದಾರಿಯಲ್ಲಿ ಗಾಳಿ ಎದ್ದರೆ ಏನು ಮಾಡಬೇಕು? ಟ್ರೈಲರ್ ಓಲಾಡಲು ಶುರುವಾದರೆ ಬ್ರೇಕ್ ಹಾಕಬಾರದು ಅಂತಾರಲ್ಲ?

ಉತ್ತರ: ಹೌದು, ಕಾಲಿನ ಬ್ರೇಕ್ ಜೋರಾಗಿ ಒತ್ತಬಾರದು, ಸ್ಟೀರಿಂಗ್ ಎಳೆದಾಡಬಾರದು, ವೇಗ ಹೆಚ್ಚಿಸಿ ನೇರ ಮಾಡುತ್ತೇನೆ ಅಂತ ಹೋಗಲೇಬಾರದು. ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ. ಡ್ರೈವರ್ ಬಳಿ ಟ್ರೈಲರಿನ ಬ್ರೇಕ್ ಹಾಕುವ ಬ್ರೇಕ್ ಕಂಟ್ರೋಲರ್ ಇದ್ದರೆ ಕೈಯಿಂದ ಟ್ರೈಲರಿನ ಬ್ರೇಕನ್ನು ಮಾತ್ರ ಹಗುರವಾಗಿ ಹಾಕಿ. ಟ್ರೈಲರ್ ಹಿಂದಕ್ಕೆ ಜಗ್ಗಿದಾಗ ತಾನೇ ನೇರ ಆಗುತ್ತದೆ. ಆ ಕಂಟ್ರೋಲರ್ ಎಲ್ಲಿದೆ ಅಂತ ಬೆರಳಿಗೆ ಮೊದಲೇ ಗೊತ್ತಿರಬೇಕು, ಖಾಲಿ ಮೈದಾನದಲ್ಲಿ ನಾಲ್ಕು ಸಲ ಒತ್ತಿ ಅಭ್ಯಾಸ ಮಾಡಿ. ಓಲಾಟ ಪದೇ ಪದೇ ಬಂದರೆ ಭಾರ ಹಿಂದೆ ಕೂತಿದೆ ಅಂತ ಅರ್ಥ. ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಹಿಚ್ (ಗಾಡಿಗೆ ಟ್ರೈಲರ್ ಜೋಡಿಸುವ ಕೊಂಡಿ) ಮೇಲೆ ಬೀಳಬೇಕು. ಒಟ್ಟು 1500 ಕೆ.ಜಿ. ಇದ್ದರೆ 150ರಿಂದ 225.

ಗಾಳಿ ಎದ್ದ ಮೇಲೆ 70ಕ್ಕೋ ಅದಕ್ಕೂ ಕೆಳಗೋ ಇಳಿಯಿರಿ, ವೇಗ ತಾನೇ ಕಾಯ್ದುಕೊಳ್ಳುವ ಕ್ರೂಸ್ ಬಂದ್ ಮಾಡಿ. ಎದುರಿಗೆ ದೊಡ್ಡ ಲಾರಿ ಬಂದರೆ ಒಂದು ಕ್ಷಣ ಗಾಳಿ ನಿಂತು ಮತ್ತೆ ಒಮ್ಮೆಗೇ ಬಡಿಯುತ್ತದೆ, ಸೇತುವೆ, ಗುಡ್ಡದ ಕಡಿತ ದಾಟುವಾಗಲೂ ಹಾಗೇ. ಹಿಂದೆ ಸಾಲು ಕಟ್ಟಿದವರು ಹಾರ್ನ್ ಹೊಡೆದರೆ ಹೊಡೆಯಲಿ, ಜಾಗ ಸಿಕ್ಕಲ್ಲಿ ಸರಿದು ದಾರಿ ಬಿಡಿ. ಊರು ಸಿಕ್ಕಿದರೆ ಕಟ್ಟಡದ ಮರೆಯಲ್ಲಿ ಗಾಡಿಯ ಮೂತಿ ಗಾಳಿಗೆ ಎದುರಾಗಿ ಇರುವ ಹಾಗೆ ನಿಲ್ಲಿಸಿ. ಹಿಂದಿನಿಂದ ಗಾಳಿ ಬಂದರೆ ಪಿಕಪ್ಪಿನ ಬಾಗಿಲು ತೆರೆದ ಕೂಡಲೇ ಕಿತ್ತು ಮುಂದಕ್ಕೆ ಮಡಚಿಬಿಡುತ್ತದೆ. ಟ್ರೈಲರಿನ ಹಿಂದಿನ ಇಳಿಜಾರು ಬಾಗಿಲಂತೂ ಮನುಷ್ಯನ ಮೇಲೇ ಬೀಳಬಹುದು, ಅದನ್ನು ಒಬ್ಬರೇ ಬಿಚ್ಚಬೇಡಿ. ಚಹಾ ಕುಡಿದು ಕಾಯಿರಿ. ಸಂಜೆಗೆ ಗಾಳಿ ಇಳಿಯದಿದ್ದರೆ ಅಲ್ಲೇ ಒಂದು ರೂಮು ಹಿಡಿದು, ಮನೆಗೆ ಫೋನ್ ಮಾಡಿ ನಾಳೆ ಬರುತ್ತೇನೆ ಅನ್ನಿ.