ಇಎಫ್ 52 ಆಗಿದೆ, ಮಾತ್ರೆ ನಿಲ್ಲಿಸಬಹುದೇ?

ನಿಮ್ಮ ತಂದೆಯವರ ಹಿಗ್ಗಿದ ಹೃದಯದ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾವಾರು) 30ರಿಂದ 52ಕ್ಕೆ ಏರಿರುವುದು ನಿಜಕ್ಕೂ ಸಂತೋಷದ ವಿಷಯ. ಆದರೆ ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಲಂಡನ್ನಿನ ಟ್ರೆಡ್-ಎಚ್‌ಎಫ್ ಅಧ್ಯಯನದಲ್ಲಿ ಹೀಗೆಯೇ ಚೇತರಿಸಿಕೊಂಡವರ ಮಾತ್ರೆಗಳನ್ನು ಹಂತಹಂತವಾಗಿ ನಿಲ್ಲಿಸಿದಾಗ, 25 ಜನರಲ್ಲಿ 11 ಮಂದಿಗೆ 6 ತಿಂಗಳೊಳಗೆ ಕಾಯಿಲೆ ಮರುಕಳಿಸಿತು. ಹೃದಯ ಸುಧಾರಿಸಿದ್ದೇ ಆ ಮಾತ್ರೆಗಳ ಆಸರೆಯಲ್ಲಿ.

ಹೃದಯ ಬಡಿತ ಏರುಪೇರಾಗುವವರಿಗೆ ಕೊಡುವ ರಕ್ತ ತೆಳುಮಾಡುವ ಮಾತ್ರೆಯ ಲೆಕ್ಕವೇ ಬೇರೆ. ಬಡಿತ ಸರಿಯಾಯಿತೆಂದು ಅದನ್ನು ಬಿಡುವಂತಿಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಇವನ್ನೆಲ್ಲ ನೋಡಿ ವೈದ್ಯರೇ ನಿರ್ಧರಿಸಬೇಕು. ಬಿಟ್ಟರೆ ಪಾರ್ಶ್ವವಾಯುವಿನ ಭಯ.

ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. 3 ದಿನದಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು; ಅಂದೇ ವೈದ್ಯರಿಗೆ ಫೋನ್ ಮಾಡಿ. ನಾಡಿಯನ್ನು ಪೂರ್ತಿ 1 ನಿಮಿಷ ಎಣಿಸಿ. ಬಡಿತ ಏರುಪೇರಾಗಿದ್ದಾಗ 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದರೆ ತಪ್ಪುತ್ತದೆ.

ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್ ತರಬೇಡಿ, ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಿಸಿ. ಸ್ಪೈರೊನೊಲ್ಯಾಕ್ಟೋನ್ (ಮೈಯಲ್ಲಿ ಪೊಟ್ಯಾಶಿಯಂ ಉಳಿಸುವ ಹೃದಯದ ಮಾತ್ರೆ) ಇದ್ದರೆ 'ಕಡಿಮೆ ಸೋಡಿಯಂ' ಉಪ್ಪೂ ಬೇಡ: ಅದರಲ್ಲಿರುವುದು ಪೊಟ್ಯಾಶಿಯಂ, ರಕ್ತದಲ್ಲಿ ಹೆಚ್ಚಾದರೆ ಬಡಿತವೇ ಕೆಡುತ್ತದೆ. ರಕ್ತದ ಪೊಟ್ಯಾಶಿಯಂ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಕೊನೆಯ ಬಾರಿ ಯಾವಾಗ ನೋಡಿಸಿದಿರಿ?